ಅಕ್ಕನ ಹವಳಕ್ಕೆ ಒಪ್ಪಿದ ಬಲ್ಬು

ಅಕ್ವೇರಿಯಂ ಅಂಗಡಿಗಳ ಬೀದಿಯಲ್ಲಿ ನಮ್ಮ ಭಾವ ಎಲ್ಲರಿಗೂ ‘ಬಲ್ಬ್ ಮಾವ’. ಹವಳ ಸಾಕುವವರ ತೊಟ್ಟಿಗಳಿಗೆ ದೀಪ ಹೊಂದಿಸಿಕೊಡುವುದು ಅವರ ಕಸುಬು. ಹವಳವೆಂದರೆ ಕೊರಳಿನ ಮಣಿಯಲ್ಲ. ಉಪ್ಪುನೀರಿನಲ್ಲಿ ಬದುಕುವ ಜೀವ. ಬಿಸಿಲಿನಷ್ಟೇ ಗಟ್ಟಿಯಾದ ಬೆಳಕು ಬೇಕು ಅದಕ್ಕೆ. ಅದಕ್ಕೆಂದೇ ಮೆಟಲ್ ಹ್ಯಾಲೈಡ್ ಬಲ್ಬು, ಬಲ್ಬಿಗೆ ಕರೆಂಟನ್ನು ಹದಮಾಡಿ ಕೊಡಲು ಬ್ಯಾಲಸ್ಟ್ ಎಂಬ ಪೆಟ್ಟಿಗೆ. ಎರಡೂ ಹೊಂದದಿದ್ದರೆ ಬಲ್ಬು ಮಿಣಮಿಣ ಎನ್ನುತ್ತದೆ, ಇಲ್ಲವೇ ಹತ್ತುವುದೇ ಇಲ್ಲ.

“ವ್ಯಾಟ್ ಒಂದೇ ಅಂತ ಸಿಕ್ಕಿಸಿದ್ರೆ ಆಯ್ತಾ? ಮದುವೆ ಆದ್ರೆ ಸಾಕಾ, ಸಂಸಾರ ಮಾಡ್ಬೇಡ್ವಾ?” ಎಂದು ಭಾವ ಗಿರಾಕಿಗಳಿಗೆ ಹೇಳುತ್ತಿದ್ದರು.

“ಮಾಡ್ತಿರೋಳು ನಾನು, ಮಾತಾಡೋರು ಇವ್ರು,” ಎಂದು ಅಕ್ಕ ಮೂತಿ ತಿರುಗಿಸುತ್ತಿದ್ದಳು.

ಮನೆಯ ತೊಟ್ಟಿ ಅಕ್ಕನದು. ಯಾರೋ ಬಿಸಾಕಿದ್ದ ಬೆರಳ ತುದಿಯಷ್ಟು ಹವಳದ ಚೂರನ್ನು ಭಾವ ಒಮ್ಮೆ ಲೋಟದಲ್ಲಿ ಹಿಡಿದು ತಂದಿದ್ದರು. ಮಕ್ಕಳಿಲ್ಲದ ಮನೆ. ಅಕ್ಕ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದಳು. ಅದು ಬೊಗಸೆ ತುಂಬುವಷ್ಟಾಗಿ ಎಳೆ ಗರಿಕೆಯ ಹಸಿರಿಗೆ ತಿರುಗಿತು.

ಆಮೇಲೆ ಅಕ್ಕ ಹಾಸಿಗೆ ಹಿಡಿದಳು. ಡಾಕ್ಟರು ಕೈಚೆಲ್ಲಿದರು. ಮಂಚವನ್ನು ತೊಟ್ಟಿಯ ಎದುರಿಗೇ ಹಾಕಿಸಿದೆವು. ಆದರೆ ಹಳೆಯ ಬ್ಯಾಲಸ್ಟು ಗುಂಯ್ ಎನ್ನುತ್ತಿತ್ತು. “ರೀ, ತಲೆಯೊಳಗೆ ಜೇನು ಕಟ್ಟಿದ ಹಾಗಾಗುತ್ತೆ, ಆರಿಸಿ,” ಎಂದಳು. ಭಾವ ಆರಿಸಿ, ಒಂದು ಸಣ್ಣ ಮಂಕು ದೀಪ ಹಾಕಿದರು. ತಿಂಗಳುಗಳಲ್ಲಿ ಹವಳ ಕಂದುಬಣ್ಣಕ್ಕೆ ಇಳಿಯಿತು. “ಆ ಹಸಿರು ಇನ್ನೊಂದ್ಸಲ ನೋಡ್ಬೇಕಿತ್ತು ಕಣೇ,” ಎಂದು ಅಕ್ಕ ನನ್ನೆದುರು ಹೇಳಿದ್ದು ಭಾವನ ಕಿವಿಗೂ ಬಿತ್ತು.

ಮಾರನೆಯ ದಿನವೇ ಸದ್ದಿಲ್ಲದ ಎಲೆಕ್ಟ್ರಾನಿಕ್ ಬ್ಯಾಲಸ್ಟು ಬಂತು. ನಮ್ಮ ಹಳೆಯ ಬಲ್ಬು ಅದಕ್ಕೆ ಜಪ್ಪಯ್ಯ ಅಂದರೂ ಹತ್ತಲಿಲ್ಲ. ಅಂಗಡಿಯಲ್ಲಿ ಉಳಿದಿದ್ದವುಗಳಲ್ಲಿ ಒಂದು ಮಿಣುಕಿತು, ಇನ್ನೊಂದು ಗುಲಾಬಿ ಬಣ್ಣ ಕಾರಿತು. ಎಲ್ಲರೂ ಎಲ್‌ಇಡಿಗೆ ಹೋಗಿಬಿಟ್ಟಿದ್ದರಿಂದ ಹೊಸದು ಸಿಗುವ ಹಾಗಿರಲಿಲ್ಲ. ಯಾರಲ್ಲೂ ಏನನ್ನೂ ಕೇಳದ ಮನುಷ್ಯ ಹಳೇ ಗಿರಾಕಿಗಳ ಬಾಗಿಲು ಬಾಗಿಲು ತಟ್ಟಿದರು. ಕೊನೆಗೆ ಒಬ್ಬರ ಅಟ್ಟದಲ್ಲಿ ಒಂದು ಸಿಕ್ಕಿತು. ಗಾಜಿಗೆ ಬೆರಳು ತಾಗದಂತೆ ಬಟ್ಟೆಯಲ್ಲಿ ಹಿಡಿದು ಕೂರಿಸಿದರಂತೆ. ಸದ್ದಿಲ್ಲ, ಮಿಣುಕಾಟವಿಲ್ಲ. ನೀಲಿ ಬೆರೆತ ಬಿಳಿ ಬೆಳಕಿನಲ್ಲಿ, ಕಂದುಬಣ್ಣದಡಿ ಅಡಗಿದ್ದ ಹಸಿರು ಮತ್ತೆ ಕಂಡಿತು.

ಅದೇ ವಾರ ಅಕ್ಕ ಹೋದಳು.

ಎಲ್ಲ ಮುಗಿಸಿ ಬಂದು ನೋಡುತ್ತೇನೆ, ಹವಳ ಸುಣ್ಣದಂತೆ ಬೆಳ್ಳಗಾಗಿದೆ! ಮಂಕಿನಲ್ಲಿದ್ದ ಹವಳಕ್ಕೆ ಹೊಸ ಬೆಳಕನ್ನು ಮೊದಮೊದಲು ದಿನಕ್ಕೆ ಒಂದೇ ಗಂಟೆ ಕೊಟ್ಟು ರೂಢಿ ಮಾಡಿಸಬೇಕು, ಇಲ್ಲದಿದ್ದರೆ ಸುಟ್ಟುಹೋಗುತ್ತದೆ. ಬೀದಿಗೆಲ್ಲ ಇದನ್ನು ಕಲಿಸಿದವರೇ ಭಾವ. ಮಾತಾಡಿಸಲು ಬಂದಿದ್ದ ಮೀನಿನಂಗಡಿಯವನು ತೊಟ್ಟಿ ನೋಡಿ, “ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ,” ಎಂದು ಗೊಣಗಿದ. ಅವನನ್ನು ಅಲ್ಲೇ ಒದೆಯಬೇಕೆನ್ನಿಸಿತು. ಆದರೆ ಆ ಸಿಟ್ಟು ನನಗೂ ಇತ್ತು.

ಅವನು ಹೋದ ಮೇಲೆ ಕೇಳಿಯೇಬಿಟ್ಟೆ: “ಅಕ್ಕಂದು ಅಂತ ಉಳಿದಿದ್ದು ಇದೊಂದೇ. ಇದನ್ನೂ ಉಳಿಸ್ಕೊಳ್ಳೋಕಾಗ್ಲಿಲ್ವಾ ಭಾವ?”

ಭಾವ ಖಾಲಿ ಮಂಚದ ಅಂಚಿನಲ್ಲಿ ಕೂತಿದ್ದರು.

“ಒಂದು ಗಂಟೆ ಆದ್ಮೇಲೆ ಆರಿಸೋಕೆ ಎದ್ದೆ. ‘ಇರ್ಲಿ ರೀ, ಇನ್ನೊಂಚೂರು ನೋಡ್ತೀನಿ’ ಅಂದ್ಲು. ಈ ಬಲ್ಬು ಒಂದ್ಸಲ ಆರಿದ್ರೆ ಕೂಡ್ಲೇ ಹತ್ತಲ್ಲಮ್ಮ, ಪೂರ್ತಿ ತಣ್ಣಗಾಗ್ಬೇಕು. ಅಷ್ಟರಲ್ಲಿ ಅವಳು ಕಣ್ಣು ಬಿಟ್ಟು ನೋಡಿ, ಕತ್ತಲೆ ಇದ್ರೆ? ಹವಳ ಸುಡುತ್ತೆ ಅಂತ ಗೊತ್ತಿತ್ತು. ಆಮೇಲೆ ದಿನವಿಡೀ ಹಾಗೇ ಬಿಟ್ಟೆ.”

ನಾನು ಅವರ ಪಕ್ಕ ಹೋಗಿ ಕೂತೆ.

“ಅವಳ ಉಸಿರು ನಿಂತಾಗ ಆರಿಸ್ದೆ. ತಡ್ಕೊಳ್ಳೋಕಾಗ್ಲಿಲ್ಲ, ಆಗ್ಲೇ ಮತ್ತೆ ಸ್ವಿಚ್ ಹಾಕ್ದೆ. ಹತ್ಲಿಲ್ಲ. ತಣ್ಣಗಾಗ್ಲಿ ಅಂತ ಅವಳ ಕೈ ಹಿಡ್ಕೊಂಡು ಕೂತೆ. ಕೈಯೂ ತಣ್ಣಗಾಯ್ತು. ಬಲ್ಬೇನೋ ಮತ್ತೆ ಹತ್ಕೊಂಡ್ತು.”