ಬಿಟ್ಟ ಅಂಗಿ

ಜಡಿಮಳೆ ಹಿಡಿದಿತ್ತು. ಸಿಂಧನೂರಿನಿಂದ ಪಾಮನಕಲ್ಲೂರಿನ ಹತ್ತಿರ ಒಂದು ಹೊಲದ ಮನೆಗೆ ಮೋಟರಿನ ಸ್ಟಾರ್ಟರ್ ರಿಪೇರಿಗೆ ಹೋಗಿದ್ದೆ. ಎರೆಮಣ್ಣಿನಲ್ಲಿ ಬೈಕು ಜಾರಿ ಮೈಯೆಲ್ಲ ಕೆಸರಾಯಿತು. ಹೊಲದ ಕೆಲಸ ನಿಂತಿದ್ದರಿಂದ ಮನೆಯೊಡತಿ ಪಡಸಾಲೆಯಲ್ಲಿ ಹಳೇ ಬಟ್ಟೆ ಹರವಿಕೊಂಡು ಕೌದಿ ಹೊಲಿಯುತ್ತಿದ್ದರು. ನನ್ನ ಅವತಾರ ನೋಡಿ, ಗಂಡನ ಬನಿಯನ್ ಕೊಟ್ಟು, ನನ್ನ ಅಂಗಿ ಇಸಕೊಂಡರು.

“ತೊಳದು ಒಣಗಸ್ತೀನಿ ತಡೀಪಾ.”

“ಹಳೇದೈತಿ, ಬಿಡ್ರಿ ಅಮ್ಮಾ” ಅಂದೆ, ಸಂಕೋಚಕ್ಕೆ.

ಸಂಜೆ ರಿಪೇರಿ ಮುಗಿಸಿ ಬಂದೆ. ಅಂಗಿ ತೊಳೆದಾಗಿತ್ತು, ಒಲೆಯ ಮುಂದೆ ಒಣಗಿಯೂ ಇತ್ತು. ಆದರೆ ಅಂಗಿಯಾಗಿ ಉಳಿದಿರಲಿಲ್ಲ. ತೋಳುಗಳು ಆಗಲೇ ಕೌದಿ ಸೇರಿದ್ದವು.

ನಾನು ನೋಡುತ್ತ ನಿಂತಿದ್ದಕ್ಕೆ ಅವರಿಗೇ ಆಶ್ಚರ್ಯ. “ಯಾಕಪಾ, ನೀನ ಬಿಡ್ರಿ ಅಂದೆಲ್ಲ? ಮಂದಿ ಬಿಟ್ಟ ಅರಿವೀಲೇನ ಕೌದಿ ಆಗೋದು.”

ಬನಿಯನ್ನಿನಲ್ಲೇ ಸಿಂಧನೂರು ಸೇರಿದೆ.

ಮುಂದೊಂದು ದಿನ ಅದನ್ನು ಒಗೆದು, ಮಡಿಚಿ, ವಾಪಸು ಕೊಡಲು ಹೋದೆ. ಯಜಮಾನರು ಕೌದಿ ಹೊದ್ದು ಕೂತಿದ್ದರು. ಅವರ ಎದೆಯ ಮೇಲೆ ನನ್ನ ಅಂಗಿಯ ಕಿಸೆ, ಕಿಸೆಯೊಳಗೆ ಅವರ ಬೀಡಿ ಕಟ್ಟು. ಬನಿಯನ್ ನೋಡಿ ಸಂಕೋಚಪಟ್ಟರು.

“ಹಳೇದೈತಿ, ಬಿಡಪಾ.”

ಬಿಟ್ಟರು ಅಂತಲೇ ತಿಳಿದೆ. ಈಗ ಅದರಲ್ಲಿ ಬೈಕು ಒರೆಸುತ್ತೇನೆ.