ನನ್ನ ಜಾಗಕ್ಕೆ ನನ್ನದೇ ದನಿ

ದನಿಗೆ ಸೀರೆ ಉಡಿಸಿ ಏನು ಪ್ರಯೋಜನ? ಆದರೂ ರೆಕಾರ್ಡಿಂಗ್ ದಿನ ನಾನು ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಉಟ್ಟೆ. "ಅಲ್ಲಿ ಬರೇ ಮಾತು ತಗೋತಾರ, ಫೋಟೋ ಅಲ್ಲ," ಅಂತ ನನ್ನ ಗಂಡ ಕುರ್ಲಾ ಸ್ಟೇಷನ್ ತನಕ ನಗುತ್ತಲೇ ಬಂದ. ನಗಲಿ ಬಿಡಿ. ಮುಂಬಯಿಯ ಫೋರ್ಟಿನ ಒಂದು ಹಳೆಯ ಸರ್ಕಾರಿ ಕಟ್ಟಡದಲ್ಲಿ ವರ್ಷಗಟ್ಟಲೆ ಗೈಡ್ ಆಗಿ ಗಂಟಲು ಹರಿದುಕೊಂಡವಳು ನಾನು. ಬಂದವರಿಗೆ ಕಟ್ಟಡ ತೋರಿಸುವುದು, ವಯಸ್ಸಾದವರಿಗೆ ಕುರ್ಚಿ ಹಾಕಿಸುವುದು, ಗುಂಪು ತಪ್ಪಿದ ಮಕ್ಕಳನ್ನು ಹುಡುಕಿ ಕೊಡುವುದು, ಎಲ್ಲ ನಾನೇ. ಅಲ್ಲಿನ ಸಾಹೇಬರೇ ಕರೆದು, "ಮೇಡಂ, ಆಪ್ ಕೇ ಜೈಸಾ ಕೋಯೀ ನಹೀಂ ಬೋಲ್ತಾ," ನಿಮ್ಮಂತೆ ಮಾತಾಡುವವರೇ ಇಲ್ಲ ಅಂತ ಹೊಗಳಿ, ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ರೆಕಾರ್ಡ್ ಮಾಡಿಸಿ ಇಡೋಣ ಅಂದಾಗ ಉಬ್ಬಿಹೋಗಿದ್ದೆ.

ಸಾಂತಾಕ್ರೂಜಿನ ಸ್ಟುಡಿಯೋದಲ್ಲಿ ಎದುರಿಗೆ ಗೋಡೆ ಬಿಟ್ಟರೆ ಏನೂ ಇಲ್ಲ. ಗೋಡೆಯ ಜೊತೆ ಮಾತಾಡಿ ನನಗೆ ಅಭ್ಯಾಸವಿಲ್ಲ. ಕಣ್ಣು ಮುಚ್ಚಿ, ನಮ್ಮ ಬೆಳಗಾವಿ ಕಡೆಯ ಮುದುಕಿಯರೇ ಮುಂದೆ ನಿಂತಿದ್ದಾರೆ ಅಂದುಕೊಂಡು ದಿನದಂತೆ ಶುರು ಮಾಡಿದೆ. "ಬರ್ರಿ ಅಜ್ಜಿ, ಪಾವಟಿಗಿ ಅದಾವು, ನೋಡಿ ಕಾಲಿಡ್ರಿ. ಏನರ ಬೇಕಾದ್ರ ನಾಚಬ್ಯಾಡ್ರಿ, ಹೇಳ್ರಿ. ನಾ ಇಲ್ಲೇ ಅದೀನಿ." ರೆಕಾರ್ಡಿಂಗ್ ಮಾಡುವವನಿಗೆ ಕನ್ನಡ ಬಾರದಿದ್ದರೂ ಹೆಬ್ಬೆರಳು ಎತ್ತಿ ತೋರಿಸಿದ.

ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಲೋಕಲ್ ರೈಲಿನಲ್ಲಿ ನಜ್ಜುಗುಜ್ಜಾಗಿ ಬಂದು ನೋಡುತ್ತೇನೆ, ನನ್ನ ಮೇಜೇ ಇಲ್ಲ! ಆ ಜಾಗದಲ್ಲಿ ಒಂದು ಸ್ಟ್ಯಾಂಡು, ಅದಕ್ಕೆ ಸಾಲಾಗಿ ನೇತುಹಾಕಿದ ಹೆಡ್‌ಫೋನುಗಳು. ಒಂದನ್ನು ಕಿವಿಗೆ ಹಾಕಿಕೊಂಡೆ. "ಬರ್ರಿ ಅಜ್ಜಿ..." ಅಯ್ಯೋ ದೇವರೇ, ನಾನೇ! ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಸಾಹೇಬರ ಕೋಣೆಗೆ ಹೋದೆ.

ಸಾಹೇಬರು ಚಹಾ ಕುಡಿಯುತ್ತಾ ಸಮಾಧಾನ ಹೇಳಿದರು. ತಿಂಗಳ ಕೊನೆಗೆ ನನ್ನ ಕಾಂಟ್ರ್ಯಾಕ್ಟ್ ಮುಗಿಯುತ್ತದಂತೆ, ಮೇಲಿನವರು ಮುಂದುವರಿಸಿಲ್ಲವಂತೆ. "ಟೆನ್ಶನ್ ಮತ್ ಲೋ ಮೇಡಂ. ಆಪ್ ಕಾ ಆವಾಜ್ ತೋ ಇಧರ್ ಹೀ ಹೈ ನಾ!" ಅಂದರು. ನನ್ನ ದನಿ ಇಲ್ಲೇ ಇರುತ್ತದಂತೆ. ನನ್ನ ಬಾಯಿ ಇಟ್ಟುಕೊಂಡು ನನ್ನನ್ನು ಕಳಿಸುತ್ತಿದ್ದಾರಲ್ಲ, ಏನು ಧೈರ್ಯ! ಬಂದವರು ಏನಾದರೂ ಕೇಳಿದರೆ ಯಾರು ಹೇಳುತ್ತಾರೆ ಅಂದೆ. "ಸಬ್ ರೆಕಾರ್ಡಿಂಗ್ ಮೇಂ ಹೈ," ಎಲ್ಲ ಅದರಲ್ಲೇ ಇದೆ ಅಂದರು.

ಮನೆಗೆ ಬಂದು ಹೇಳಿದೆ. ಈ ಸಲ ಗಂಡ ನಗಲಿಲ್ಲ. ಈ ವಯಸ್ಸಿನಲ್ಲಿ ನನಗೆ ಇನ್ನೊಂದು ಕೆಲಸ ಯಾರು ಕೊಡುತ್ತಾರೆ ಅನ್ನುವುದು ಅವನಿಗೂ ಗೊತ್ತಿತ್ತು.

ಕೊನೆಯ ದಿನ ಕೀಲಿಗಳನ್ನು ಒಪ್ಪಿಸಲು ಸಾಹೇಬರ ಕೋಣೆಗೆ ಹೊರಟಿದ್ದೆ. ಪ್ರವಾಸಿಗರ ಸಂಡಾಸಿಗೆ ನಮ್ಮಲ್ಲಿ ಸದಾ ಬೀಗ. ಬೀದಿಯವರು ನುಗ್ಗುತ್ತಾರೆ ಅಂತ ಸರ್ಕಾರಕ್ಕೆ ಹೆದರಿಕೆ, ಅದಕ್ಕೇ ಅದರ ಕೀಲಿ ಇಷ್ಟು ವರ್ಷ ನನ್ನ ಸೊಂಟದಲ್ಲೇ ಇತ್ತು. ದೊಡ್ಡ ಮೆಟ್ಟಿಲ ಬಳಿ ಒಬ್ಬ ಅಜ್ಜಿ ಹೆಡ್‌ಫೋನ್ ಹಾಕಿಕೊಂಡು ಗೋಡೆ ಹಿಡಿದು ನಿಂತಿದ್ದಳು. ಜೊತೆಗೆ ಬಂದ ಮೊಮ್ಮಗಳು ಮುಂದೆಲ್ಲೋ ಸೆಲ್ಫಿಯಲ್ಲಿ ಮುಳುಗಿದ್ದಳು. ಅಜ್ಜಿ ಗಾಳಿಗೆ ಕೂಗುತ್ತಿದ್ದಳು, ವಿಜಯಪುರದ ಮಾತು. "ಏ ತಂಗಿ, ಸಂಡಾಸ ಎಲ್ಲೈತಿ ಹೇಳವಾ. ತಡಕೊಳ್ಳಾಕ ಆಗವಲ್ದು. ಏ, ಹೇಳಬೇ!"

ಓಡಿಹೋಗಿ ಅವಳ ಕಿವಿಯಿಂದ ಹೆಡ್‌ಫೋನ್ ತೆಗೆದೆ. ಅದರೊಳಗೆ ನಾನು ತೂಗುದೀಪದ ಗಾಜಿನ ಬಗ್ಗೆ ಇನ್ನೂ ಕೊಚ್ಚುತ್ತಲೇ ಇದ್ದೆ. "ಬರ್ರಿ ಅಜ್ಜಿ, ನಾ ಕರ್ಕೊಂಡು ಹೋಗ್ತೀನಿ," ಅಂದದ್ದೇ ತಡ, ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. ದನಿಯ ಗುರುತು ಹಿಡಿದೇಬಿಟ್ಟಳು.

"ನೀನ ಏನು ಆಕಿ? ಇಷ್ಟೊತ್ತನಕ ಕಿವ್ಯಾಗ ವಟವಟ ಅಂದಿ. ನಾಚಬ್ಯಾಡ್ರಿ, ಹೇಳ್ರಿ ಅಂದಾಕಿ ನೀನ. ನಾಚಿಕಿ ಬಿಟ್ಟು ಕೇಳಿದ್ರ ನನ್ನ ಮಾತು ಕಿವಿಗೇ ಹಾಕ್ಕೊಳ್ಳಲಿಲ್ಲ. ಏನು ಸೊಕ್ಕಬೇ ನಿಂದು!"

ನನಗೆ ಕಪಾಳಕ್ಕೆ ಬಾರಿಸಿದಂತಾಯಿತು. ಇಷ್ಟು ವರ್ಷದಲ್ಲಿ ಯಾರೂ ನನಗೆ ಆ ಮಾತು ಅಂದವರಲ್ಲ. ಅದು ನಾನಲ್ಲ, ಮಷೀನು ಅಂತ ಹೇಳಲು ಬಾಯಿ ತೆರೆದೆ. ಮಷೀನಿನಲ್ಲಿ ಇದ್ದವಳೂ ನಾನೇ ಅಲ್ಲವೇ, ಏನಂತ ಹೇಳಲಿ? "ತಪ್ಪಾತ್ರಿ ಯವ್ವಾ," ಅಂದೆ.

ತೋಳು ಹಿಡಿದು ನಡೆಸಿಕೊಂಡು ಹೋಗಿ ಬೀಗ ತೆಗೆದೆ. ಸಾಹೇಬರು ಕೀಲಿಗಾಗಿ ವರಾಂಡದಿಂದ ಕರೆಯುತ್ತಿದ್ದರು. ಕರೆಯಲಿ ಅಂತ ಸೆರಗಿನಿಂದ ಕಣ್ಣು ಒರೆಸಿಕೊಂಡು ಬಾಗಿಲ ಹೊರಗೆ ನಿಂತೆ.

ಒಳಗಿನಿಂದ ಅಜ್ಜಿ ಕೂಗಿದಳು. "ಏ ತಂಗಿ, ಅದಿಯಿಲ್ಲ? ಬಿಟ್ಟು ಹೋಗಬ್ಯಾಡ ಮತ್ತ."

"ಇಲ್ರಿ ಯವ್ವಾ," ಅಂದೆ. "ನಾ ಇಲ್ಲೇ ಅದೀನಿ."