ಮಾಸ್ಕ್ ಹಾಕಿ ಹಿಡಿದ ಸೀಟು

ಗೆಳೆಯರೇ, ಟವಲ್ ಇಲ್ಲದೆ ಬಸ್‌ಸ್ಟ್ಯಾಂಡಿಗೆ ಹೋಗಬೇಡಿ.

ಬೆಳಿಗ್ಗೆ ಅಜ್ಜಂಪುರದಲ್ಲಿ ಬೀರೂರು ಬಸ್ಸಿಗೆ ಜನ ಮುತ್ತಿಕೊಂಡಿದ್ದರು. ನನಗೋ ಮೂಗು ಸೋರುವ ನೆಗಡಿ. ಕೈಯಲ್ಲಿ ಹೊಸ ಮಾಸ್ಕ್ ಇತ್ತು. ಸೀಟು ಹಿಡಿಯಲು ಬೇರೇನೂ ಸಿಗದೆ ಅದನ್ನೇ ಕಿಟಕಿಯಿಂದ ಒಳಗೆ ಎಸೆದೆ. ಹತ್ತಿ ನೋಡಿದರೆ ದಪ್ಪ ಯಜಮಾನರೊಬ್ಬರು ಅದರ ಮೇಲೇ ಕೂತಿದ್ದಾರೆ!

“ನಾನ್ ಮಾಸ್ಕ್ ಹಾಕಿದ್ನಲ್ರೀ!”

“ಟವಲ್ ಹಾಕಿದ್ರೆ ಬಿಡ್ತಿದ್ದೆ ಕಣ್ರೀ. ಮಾಸ್ಕ್‌ಗೆಲ್ಲಾ ಯಾರ್ ಸೀಟ್ ಬಿಡ್ತಾರೆ?”

ಉತ್ತರ ಕೊಡುವ ಮೊದಲೇ ನನಗೆ ಸೀನು ಬಂತು. ಅವರು ಕಿಟಕಿಗೆ ಅಂಟಿಕೊಂಡರು.

“ಕೊರೊನಾ ಇದ್ದಾಗ ನಮ್ಮನೇಲಿ ಒಬ್ರಿಗೂ ನೆಗಡಿ ಬರ್ಲಿಲ್ಲ. ಆ ದೊಡ್ಡ ರೋಗ ಬಂದು ಸಣ್ಣಪುಟ್ಟವನ್ನೆಲ್ಲಾ ಓಡಿಸ್ಬಿಟ್ಟಿತ್ತು. ಈಗ್ ನೋಡಿ, ಎಲ್ಲಾ ವಾಪಸ್ ಬಂದವೆ.”

“ಓಡಿಸಿದ್ದು ಕೊರೊನಾ ಅಲ್ಲ ಸ್ವಾಮಿ. ಆಗ ಮನೆ ಬಿಟ್ಟು ಬರ್ತಿರ್ಲಿಲ್ಲ, ಬಂದ್ರೆ ಮೂಗಿಗೆ ಮಾಸ್ಕ್ ಕಟ್ಕೊಂತಿದ್ವಿ. ಈಗ ಅದ್ರ ಮೇಲೆ ಕೂತಿದೀರಿ!”

ಯಜಮಾನರು ಅರ್ಧ ಎದ್ದು, ಮಾಸ್ಕ್ ಎಳೆದು, ಕೊಡವಿ, ನನ್ನ ಮುಂದೆ ಹಿಡಿದರು. “ಹಂಗಾದ್ರೆ ಮೊದ್ಲು ನೀವ್ ಕಟ್ಕೊಳಿ.”

ಬೆಚ್ಚಗಿದ್ದ ಮಾಸ್ಕನ್ನು ಎರಡೇ ಬೆರಳಲ್ಲಿ ಹಿಡಿದು ಬೀರೂರಿನವರೆಗೆ ನಿಂತೇ ಹೋದೆ. ಅಂದು ಇಡೀ ಊರಿನ ನೆಗಡಿ ತಡೆದ ಮಾಸ್ಕಿಗೆ ಇಂದು ಒಂದು ಸೀಟು ಹಿಡಿಯುವ ಯೋಗ್ಯತೆಯೂ ಉಳಿದಿಲ್ಲ.